ದೊಡ್ಡ ನಾಯಿ ಬೇಕು ಸರಿ, ಆದ್ರೆ ದಿನಾ ಗೇಟಿಗೆ ಬರೋರ ಗತಿ ಏನು?

ಮನೆ ಕಾಯೋಕೆ ಒಂದು ದೊಡ್ಡ ನಾಯಿ ತರ್ಬೇಕು ಅಂತ ಯಾರ ಹತ್ರಾದ್ರೂ ಒಂದು ಸಲ ಬಾಯಿಬಿಟ್ಟು ನೋಡಿ, ಮನೇಲಿ ಯಾರ್ಯಾರಿದೀರ, ಜಾಗ ಎಷ್ಟಿದೆ, ಹಗಲು ಹೊತ್ತು ಯಾರಿರ್ತಾರೆ ಅಂತ ಒಬ್ರೂ ಕೇಳಲ್ಲ, ಸೀದಾ ಯಾವ ನಾಯಿ ಜಾಸ್ತಿ ಡೇಂಜರ್ ಅನ್ನೋ ಪಟ್ಟಿ ಶುರು ಮಾಡ್ತಾರೆ. ನಮ್ಮನೇಲೂ ಹಂಗೇ ಆಯ್ತು. ಪಕ್ಕದ ರಸ್ತೇಲಿ ಒಂದು ಮನೆ ಬೀಗ ಒಡೆದ್ರಂತೆ ಅನ್ನೋ ಸುದ್ದಿ ಬಂದಿದ್ದೇ ತಡ, ನನ್ನ ತಮ್ಮ ಫ್ಯಾಮಿಲಿ ಗ್ರೂಪಿಗೆ ಕಕೇಶಿಯನ್ ಶೆಫರ್ಡ್ ವಿಡಿಯೋ ಹಾಕೋಕೆ ಶುರು ಹಚ್ಕೊಂಡ, ಎಲ್ಲಾದ್ರಲ್ಲೂ ಅದೇ, ಚೈನು ಕಿತ್ಕೊಂಡು ಮೈಮೇಲೆ ಬೀಳೋ ಹಂಗೆ ಎಗರಾಡೋ ನಾಯಿ, ಹಿಂದೆ ಕಿವಿ ಹರಿಯೋ ಮ್ಯೂಸಿಕ್ಕು. ಅಮ್ಮ ಅದನ್ನ ನೋಡಿ "ಇದನ್ನ ತಂದ್ರೆ ನಾನು ಬಟ್ಟೆ ಒಣಗಾಕೋಕೆ ಹಿತ್ತಲಿಗೆ ಹೋಗೋದು ಹೆಂಗೋ" ಅಂದ್ರು. ಎಲ್ಲಾ ನಕ್ಕು ಸುಮ್ಮನಾದ್ವಿ. ಆದ್ರೆ ನಿಜ ಹೇಳ್ಬೇಕಂದ್ರೆ ಇಡೀ ಚರ್ಚೇಲಿ ಕೇಳ್ಬೇಕಾದ ಪ್ರಶ್ನೆ ಕೇಳಿದ್ದು ಅಮ್ಮ ಒಬ್ರೇ.

ಯಾಕಂದ್ರೆ ಕಳ್ಳ ಬರೋದು ಯಾವತ್ತೋ ಒಂದಿನ, ಬರದೇನೂ ಇರಬಹುದು. ದಿನಾ ಬರೋರು ಬೇರೆ. ಕೊರಿಯರ್ ಹುಡುಗ, ಮೀಟರ್ ನೋಡೋರು, ಪ್ಲಂಬರ್, ಮನೆಕೆಲಸಕ್ಕೆ ಬರೋರು, ಮಗಳ ಫ್ರೆಂಡ್ಸು, ಫೋನೂ ಮಾಡ್ದೆ ಬಂದು ನಿಲ್ಲೋ ನೆಂಟರು. ಒಂದು ನಾಯಿ ತನ್ನ ಆಯಸ್ಸಲ್ಲಿ ನೋಡೋ ಅಪರಿಚಿತರಲ್ಲಿ ಹೆಚ್ಚುಕಮ್ಮಿ ಎಲ್ಲರೂ ಪಾಪದವರೇ. ಹಂಗಾಗಿ ನಾಯಿ ಆರಿಸೋವಾಗ ಕಣ್ಣ ಮುಂದೆ ಕಳ್ಳನ್ನ ಇಟ್ಕೊಂಡ್ರೆ ಲೆಕ್ಕ ತಪ್ಪುತ್ತೆ, ಕೊರಿಯರ್ ಹುಡುಗನ್ನ ಇಟ್ಕೊಬೇಕು. ಈ ಕೆಲವು ತಿಂಗಳಿಂದ ನಾನು ಓದಿದ್ದು, ನಾಯಿ ಸಾಕಿರೋರ ಮನೆಗೆ ಹೋಗಿ ನೋಡಿದ್ದು, ಡಾಕ್ಟರ ಹತ್ರ ಕೇಳಿದ್ದು ಎಲ್ಲಾ ಕೊನೆಗೆ ಬಂದು ನಿಂತಿದ್ದು ಈ ಒಂದು ಮಾತಿಗೆ. ಇದನ್ನ ಇಟ್ಕೊಂಡು ಒಂದೊಂದೇ ತಳಿ ನೋಡ್ತಾ ಹೋದ್ರೆ ಪಟ್ಟಿ ತಾನಾಗೇ ಚಿಕ್ಕದಾಗುತ್ತೆ.

ಮೊದಲು ಕಾಯೋದು ಅಂದ್ರೆ ಏನು ಅಂತ ನೋಡ್ಕೊಳಿ, ಇಲ್ಲೇ ಅರ್ಧ ಜನ ಗೊಂದಲ ಮಾಡ್ಕೊಳೋದು. ಬೊಗಳಿ ಎಚ್ಚರಿಸೋದು ಒಂದು ಕೆಲಸ, ಅದಕ್ಕೆ ದೊಡ್ಡ ನಾಯಿನೇ ಬೇಕಿಲ್ಲ, ಕಿವಿ ಚುರುಕಾಗಿರೋ ಯಾವ ಪುಟ್ಟ ನಾಯಿನೂ ಮಾಡುತ್ತೆ, ಎಷ್ಟೋ ಸಲ ದೊಡ್ಡದಕ್ಕಿಂತ ಚೆನ್ನಾಗೇ ಮಾಡುತ್ತೆ. ಒಳಗೆ ಬರೋಕೆ ಬಂದವನು ಗೇಟ್ ಹತ್ರ ನಿಂತು "ಬೇಡಪ್ಪ, ಮುಂದಿನ ಮನೆ ನೋಡೋಣ" ಅಂದ್ಕೊಳ್ಳೋ ಹಂಗೆ ಮಾಡೋದು ಇನ್ನೊಂದು, ಇದಕ್ಕೆ ಬೇಕಿರೋದು ಗಾತ್ರ, ದಪ್ಪ ದನಿ, ಮತ್ತೆ ಹೆದರಿ ಹಿಂದೆ ಸರಿಯದ ಸ್ವಭಾವ. ಮೂರನೇದು ನಿಜವಾಗ್ಲೂ ಹಿಡಿಯೋದು, ಕಚ್ಚೋದು. ಸಾಮಾನ್ಯ ಸಂಸಾರದ ಮನೆಗೆ ಮೊದಲ ಎರಡೇ ಬೇಕಿರೋದು. ಮೂರನೇದು ಬೇಕೇ ಬೇಕು ಅನ್ನೋ ಪರಿಸ್ಥಿತಿ ನಿಮ್ದಾಗಿದ್ರೆ ನಿಮಗೆ ಬೇಕಿರೋದು ಗೋಡೆ, ಕ್ಯಾಮೆರಾ, ಪೊಲೀಸು, ಆಮೇಲೆ ನಾಯಿ.

ಇವೆಲ್ಲ ಬಿಟ್ಟು ನಾಲ್ಕನೇ ಜಾತಿ ಒಂದಿದೆ, ಕುರಿ ಮಂದೆ ಕಾಯೋ ನಾಯಿಗಳು. ಟರ್ಕಿಯ ಕಾಂಗಾಲ್, ಕಾಕಸಸ್ ಬೆಟ್ಟಗಳ ಕಕೇಶಿಯನ್ ಶೆಫರ್ಡ್, ಫ್ರಾನ್ಸ್-ಸ್ಪೇನ್ ಗಡಿಯ ಗ್ರೇಟ್ ಪಿರನೀಸ್, ಇವೆಲ್ಲ ಈ ಗುಂಪು. ತಮ್ಮನ ವಿಡಿಯೋ ನಾಯಿ ಇದೇ. ಇವುಗಳ ಕೆಲಸ ಎಂಥದ್ದು ಅಂದ್ರೆ, ಯಜಮಾನ ಮೈಲಿ ದೂರದಲ್ಲಿ ಮಲಗಿರ್ತಾನೆ, ರಾತ್ರಿ ತೋಳ ಬರುತ್ತೆ, ನಾಯಿ ಯಾರನ್ನೂ ಕೇಳ್ದೆ ತಾನೇ ತೀರ್ಮಾನ ತಗೊಂಡು ನುಗ್ಗಬೇಕು. ಯಾರನ್ನೂ ಕೇಳ್ದೆ ಅನ್ನೋದೇ ಇಲ್ಲಿ ಮುಖ್ಯ, ತಲೆಮಾರುಗಟ್ಟಲೆ ಜನ ಅದೇ ಗುಣ ಆರಿಸಿ ಆರಿಸಿ ಬೆಳೆಸಿದಾರೆ. ಆ ಕೆಲಸದಲ್ಲಿ ಇವುಗಳನ್ನ ಮೀರ್ಸೋರಿಲ್ಲ. ನಮೀಬಿಯಾದಲ್ಲಿ 1994ರಿಂದ ಚೀತಾ ಸಂರಕ್ಷಣೆ ಮಾಡೋ ಸಂಸ್ಥೆಯವರು ರೈತರಿಗೆ ಕಾಂಗಾಲ್ ಮತ್ತೆ ಅನಟೋಲಿಯನ್ ಶೆಫರ್ಡ್ ನಾಯಿ ಕೊಡ್ತಾ ಬಂದಿದಾರೆ, ನಾಯಿ ಇದ್ರೆ ಚೀತಾ ಮಂದೆ ಹತ್ರ ಬರಲ್ಲ, ರೈತರು ಚೀತಾನ ಗುಂಡಿಟ್ಟು ಕೊಲ್ಲೋದೂ ತಪ್ಪುತ್ತೆ. ಒಳ್ಳೆ ಐಡಿಯಾ. ಆದ್ರೆ ಅದೇ ನಾಯಿನ ತಂದು ನಾಲ್ಕು ಗೋಡೆ ಕಾಂಪೌಂಡ್ ಒಳಗೆ ಬಿಟ್ರೆ ಅದರ ಮಂದೆ ನಾವು, ತೋಳ ಅಂದ್ರೆ ಕೊರಿಯರ್ ಹುಡುಗ, ತೀರ್ಮಾನ ಮಾತ್ರ ಅದರದ್ದೇ. "ಬಾ" ಅಂದ್ರೆ ಬರುತ್ತೆ, ಅದಕ್ಕೆ ಬರ್ಬೇಕು ಅನ್ಸಿದ್ರೆ. ಗಂಡು ಕಕೇಶಿಯನ್ ಅಂದ್ರೆ ಕಮ್ಮಿ ಅಂದ್ರೂ 50 ಕೆಜಿ, ಭುಜದ ಹತ್ರ 72-75 ಸೆಂಟಿಮೀಟರ್ ಎತ್ತರ. ತೋಟ, ಹೊಲ, ಕುರಿ ಇರೋರಿಗೆ, ಹಿಂದೆ ದೊಡ್ಡ ನಾಯಿ ಸಾಕಿ ಗೊತ್ತಿರೋರಿಗೆ ಸರಿ. ರಸ್ತೆ ಪಕ್ಕದ ಮನೆಗೆ, ಮೊದಲ ನಾಯಿಯಾಗಿ? ಬೇಡವೇ ಬೇಡ. ಟಿಬೆಟನ್ ಮ್ಯಾಸ್ಟಿಫೂ ಹೆಚ್ಚುಕಮ್ಮಿ ಇದೇ ಕಥೆ, ಮೇಲಿಂದ ಅದರ ಮೈಮೇಲೆ ಎರಡು ಪದರ ಉಣ್ಣೆಯಂಥ ಕೂದಲು, ರಾತ್ರಿಯಿಡೀ ಬೊಗಳೋ ಅಭ್ಯಾಸ. ಅಕ್ಕಪಕ್ಕದವರು ಕಳ್ಳನಿಗಿಂತ ಮೊದಲು ನಿಮ್ಮನೆಗೆ ಬರ್ತಾರೆ, ಜಗಳಕ್ಕೆ.

ಹಂಗಂತ ತಳಿನೇ ಎಲ್ಲಾ ಅಂತಾನೂ ಅಲ್ಲ. 2022ರಲ್ಲಿ ಸೈನ್ಸ್ ಪತ್ರಿಕೇಲಿ ಒಂದು ದೊಡ್ಡ ಅಧ್ಯಯನ ಬಂತು, ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ಅವುಗಳ ಮಾಲೀಕರನ್ನ ಕೇಳಿ, ಕೆಲವದರ ಡಿಎನ್ಎನೂ ನೋಡಿ ಮಾಡಿದ್ದು. ಅದರ ಪ್ರಕಾರ ಒಂದು ನಾಯಿಗೂ ಇನ್ನೊಂದು ನಾಯಿಗೂ ಸ್ವಭಾವದಲ್ಲಿ ಇರೋ ವ್ಯತ್ಯಾಸದಲ್ಲಿ ತಳಿಯಿಂದ ಬರೋದು ಬರೀ 9 ಪರ್ಸೆಂಟ್ ಹತ್ರ. ಇದನ್ನ ಓದಿ ಕೆಲವರು "ಹಂಗಾದ್ರೆ ತಳಿ ಅನ್ನೋದೇ ಸುಳ್ಳು" ಅಂತ ಕುಣಿತಾರೆ, ಅಷ್ಟು ದೂರ ನಾನು ಹೋಗಲ್ಲ, ಗಾತ್ರ, ದನಿ, ಕಾಯಿಲೆ, ದಿನಕ್ಕೆ ಎಷ್ಟು ಓಡಾಟ ಬೇಕು ಅನ್ನೋದು ತಳಿ ನೋಡಿದ್ರೆ ಚೆನ್ನಾಗೇ ಗೊತ್ತಾಗುತ್ತೆ. ಆದ್ರೆ ಈ ಮರಿ ದೊಡ್ಡದಾದ್ಮೇಲೆ ಗಟ್ಟಿ ಮನಸ್ಸಿನದಾಗುತ್ತಾ ಪುಕ್ಕಲು ಆಗುತ್ತಾ ಅನ್ನೋದು ತಳಿ ಹೆಸರಲ್ಲಿ ಬರೆದಿರಲ್ಲ, ಅದರ ಅಮ್ಮನ್ನ ನೋಡ್ಬೇಕು. ಅದಕ್ಕೆ ಆಮೇಲೆ ಬರ್ತೀನಿ.

ಈಗ ನಮ್ಮ ಪಟ್ಟೀಲಿ ಉಳಿದವು.

ಜರ್ಮನ್ ಶೆಫರ್ಡ್ ಬಗ್ಗೆ ಹೊಸದಾಗಿ ಹೇಳೋದೇನಿಲ್ಲ, ಎಲ್ಲರಿಗೂ ಗೊತ್ತಿರೋ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫನಿಟ್ಸ್ ಅನ್ನೋ ಮಾಜಿ ಸೇನಾಧಿಕಾರಿ ಒಂದು ಕುರಿ ನಾಯಿನ ಡಾಗ್ ಶೋದಲ್ಲಿ ನೋಡಿ, ಮೆಚ್ಕೊಂಡು, ಕೊಂಡ್ಕೊಂಡು, ಅದರಿಂದಲೇ ಈ ತಳಿ ಶುರು ಮಾಡಿದ. ಇದೂ ಕುರಿ ನಾಯಿನೇ ಅಲ್ವಾ, ಕಕೇಶಿಯನ್ ಬೇಡ ಅಂದು ಇದನ್ಯಾಕೆ ಒಪ್ತೀರ ಅಂತ ತಮ್ಮ ಕೇಳಿದ. ಇದು ಕುರಿ ಕಾಯೋದಲ್ಲ, ಕುರಿ ಮೇಯಿಸೋದು, ಅಂದ್ರೆ ಯಜಮಾನನ ಕಡೆ ತಿರುಗಿ ತಿರುಗಿ ನೋಡ್ಕೊಂಡು ಅವನು ಹೇಳಿದ ಕಡೆ ಮಂದೆ ತಿರುಗಿಸೋ ನಾಯಿ. ಹೇಳಿಸ್ಕೊಳೋದು ಅದರ ರಕ್ತದಲ್ಲೇ ಇದೆ. ಗಂಡು 30-40 ಕೆಜಿ, ಈ ಪಟ್ಟೀಲಿ ಅದೇ ಹಗುರ. ತೊಂದರೆ ಏನಂದ್ರೆ ಇದು ಜಾಸ್ತಿ ಜನ ಸಾಕೋ ತಳಿ ಆಗಿರೋದ್ರಿಂದ ಹೆಂಗೆಂಗೋ ಬ್ರೀಡ್ ಮಾಡಿ ಮಾರೋರೂ ಜಾಸ್ತಿ, ಹಿಂಗಾಲು ಬಗ್ಗಿಸ್ಕೊಂಡು ನಡಿಯೋವು, ಪಟಾಕಿ ಸದ್ದಿಗೆ ಮಂಚದ ಕೆಳಗೆ ನುಗ್ಗೋವು, ಹೆದರಿಕೆಗೇ ಕಚ್ಚೋವು ಸಿಗ್ತವೆ. ಹೆದರೋ ನಾಯಿ ಬರೀ ಕೆಟ್ಟ ಕಾವಲುಗಾರ ಅಷ್ಟೇ ಅಲ್ಲ, ಅಪಾಯನೂ ಹೌದು. ಗೇಟಿಗೆ ಬರೋ ಮಕ್ಕಳಿಗೆ ಧೈರ್ಯದ ನಾಯಿಗಿಂತ ಪುಕ್ಕಲು ನಾಯಿಯಿಂದಲೇ ಜಾಸ್ತಿ ಭಯ ಇರೋದು.

ಡಾಬರ್‌ಮನ್ ನೋಡೋಕೆ ನನಗೆ ತುಂಬಾ ಇಷ್ಟ, ಒಪ್ಕೋತೀನಿ. ಜರ್ಮನಿಯ ಅಪೋಲ್ಡಾ ಅನ್ನೋ ಊರಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಾರ್ಲ್ ಫ್ರೆಡ್ರಿಕ್ ಲೂಯಿ ಡಾಬರ್‌ಮನ್ ಅನ್ನೋನು ಇದ್ದ, ತೆರಿಗೆ ವಸೂಲಿ ಅವನ ಕೆಲಸ, ಬೀದಿ ನಾಯಿ ಹಿಡಿಯೋ ದೊಡ್ಡಿನೂ ಅವನೇ ನೋಡ್ಕೊಳ್ತಿದ್ದ. ದುಡ್ಡು ಇಟ್ಕೊಂಡು ತಿರುಗೋನಿಗೆ ಜೊತೆಗೊಂದು ಕಾವಲು ಬೇಕಿತ್ತು, ನಾಯಿಗಳಂತೂ ಕೈಯಲ್ಲೇ ಇದ್ವು, ಬೆರೆಸಿ ಬೆರೆಸಿ ತಯಾರು ಮಾಡಿದ. ಇದು ಅಂಗಳ ಕಾಯೋದಕ್ಕಿಂತ ಒಬ್ಬ ಮನುಷ್ಯನ್ನ ಕಾಯೋಕೆ ಅಂತ ಹುಟ್ಟಿದ ನಾಯಿ ಅನ್ನೋದು ಇದರಿಂದಲೇ ಗೊತ್ತಾಗುತ್ತೆ. ನೀವು ಬಾತ್‌ರೂಮಿಗೆ ಹೋದ್ರೆ ಬಾಗಿಲಲ್ಲಿ ಕೂತಿರುತ್ತೆ. ಹೊರಗೆ ಕಟ್ಟಿ ಹಾಕಿದ್ರೆ ಕೊರಗುತ್ತೆ, ಕೂದಲು ಗಿಡ್ಡ, ಚಳಿನೂ ತಡಿಯಲ್ಲ. ದಿನಾ ಚೆನ್ನಾಗಿ ಓಡಾಡಿಸ್ಬೇಕು, ತಲೆಗೂ ಕೆಲಸ ಕೊಡ್ಬೇಕು, ಇಲ್ದಿದ್ರೆ ಕೆಲಸ ಅದೇ ಹುಡುಕ್ಕೊಳುತ್ತೆ, ಸೋಫಾ ಮೇಲೆ. ಇಷ್ಟಕ್ಕೆಲ್ಲ ನಾನು ತಯಾರಿದ್ದೆ, ನನ್ನ ಹಿಂದೆ ಸರಿಸಿದ್ದು ಹೃದಯದ ವಿಷಯ. ಡಿಸಿಎಂ ಅಂತಾರೆ, ಹೃದಯದ ಗೋಡೆ ತೆಳ್ಳಗಾಗಿ ಹೃದಯ ದೊಡ್ಡದಾಗಿ ಪಂಪ್ ಮಾಡೋ ಶಕ್ತಿ ಕಳ್ಕೊಳ್ಳೋ ಕಾಯಿಲೆ, ಡಾಬರ್‌ಮನ್‌ಗಳಲ್ಲಿ ಇದು ತುಂಬಾ ಕಾಮನ್ನು. ಹೊರಗೆ ಏನೂ ಕಾಣದೆ ವರ್ಷಗಟ್ಟಲೆ ಇರಬಹುದು, ಮೊದಲ ಲಕ್ಷಣನೇ ಓಡ್ತಾ ಓಡ್ತಾ ಕುಸಿದು ಬೀಳೋದು ಆಗಬಹುದು. ತಗೊಳ್ಳೋರು ತಗೊಳಿ, ಆದ್ರೆ ಅಪ್ಪ-ಅಮ್ಮ ನಾಯಿಗಳಿಗೆ ಪ್ರತಿ ವರ್ಷ ಎಕೋ (ಹೃದಯದ ಸ್ಕ್ಯಾನ್) ಮತ್ತೆ 24 ಗಂಟೆ ಹೋಲ್ಟರ್ (ಮೈಗೆ ಕಟ್ಟಿ ಇಡೀ ದಿನ ತೆಗೆಯೋ ಇಸಿಜಿ) ಮಾಡಿಸಿದೀರಾ ಅಂತ ಬ್ರೀಡರ್‌ನ ಕೇಳಿ. ನಾನು ಕೇಳ್ದಾಗ ಒಬ್ಬರು "ಸಾರ್ ನಾಯಿಗೆ ಇಸಿಜಿನಾ" ಅಂತ ಜೋರಾಗಿ ನಕ್ರು, ಅಲ್ಲಿಗೆ ಅವರ ಹತ್ರ ಮಾತು ಮುಗೀತು.

ರಾಟ್‌ವೈಲರ್. ಹೆಸರು ಕೇಳಿದ್ರೇನೇ ಜನ ಒಂದು ಹೆಜ್ಜೆ ಹಿಂದೆ ಇಡ್ತಾರೆ, ಕಾವಲಿಗೆ ಅದೇ ಅರ್ಧ ಕೆಲಸ. ದಕ್ಷಿಣ ಜರ್ಮನಿಯ ರಾಟ್‌ವೈಲ್ ಊರಿನ ಕಟುಕರ ನಾಯಿ ಇದು, ದನ ಹೊಡ್ಕೊಂಡು ಹೋಗೋದು, ಗಾಡಿ ಎಳೆಯೋದು, ಯಜಮಾನನ ಸಾಮಾನು ಕಾಯೋದು ಎಲ್ಲಾ ಮಾಡ್ತಿತ್ತು. ಹಂಗಾಗಿ ಇದರಲ್ಲಿ ಶಕ್ತಿ ಇದೆ, ಜೊತೆಗೆ ಹೇಳಿದ್ದು ಕೇಳೋ ಬುದ್ಧಿನೂ ಇದೆ. ಗಂಡು 50 ಕೆಜಿ ಹತ್ರ, ಹೆಣ್ಣು 42ರ ಹತ್ರ. ನಾನು ನೋಡಿದ ಮನೆಗಳಲ್ಲಿ ಅತಿ ಒಳ್ಳೆ ನಾಯಿನೂ ರಾಟ್‌ವೈಲರ್ರೇ, ಅತಿ ಕೆಟ್ಟ ನಾಯಿನೂ ರಾಟ್‌ವೈಲರ್ರೇ. ಒಳ್ಳೇದು ಹೆಣ್ಣು, ನಾವು ಹೋದ ತಕ್ಷಣ ಎರಡು ಸಲ ಗಂಭೀರವಾಗಿ ಬೊಗಳಿತು, ಮನೆಯವರು "ಸಾಕು" ಅಂದ್ರು, ಬಂದು ಮೂಸಿ ನೋಡಿ ನಮಗೂ ಬಾಗಿಲಿಗೂ ಮಧ್ಯ ಹೋಗಿ ಮಲಗಿತು, ನಾವು ಎದ್ದಾಗಲೆಲ್ಲ ತಲೆ ಎತ್ತಿ ನೋಡ್ತಿತ್ತು ಅಷ್ಟೇ. ಇದಪ್ಪ ಕಾವಲು ಅಂದ್ರೆ ಅನ್ನಿಸ್ತು. ಇನ್ನೊಂದು ಹುಟ್ಟಿದಾಗಿಂದ ಕಬ್ಬಿಣದ ಕೇಜಲ್ಲೇ ಇತ್ತು, ಊಟ ಹಾಕೋ ಒಬ್ಬರನ್ನ ಬಿಟ್ಟು ಮನೆಯವರೇ ಅದರ ಹತ್ರ ಹೋಗ್ತಿರಲಿಲ್ಲ, ಅದನ್ನ ಹೆಮ್ಮೆಯಿಂದ ಹೇಳ್ಕೊಂಡ್ರು ಬೇರೆ. ಕೇಜಲ್ಲಿರೋ ನಾಯಿ ಕೇಜ್ ಕಾಯುತ್ತೆ, ಮನೆನ ಹೆಂಗೆ ಕಾಯುತ್ತೆ ಅಂತ ನನಗಂತೂ ಅರ್ಥ ಆಗ್ಲಿಲ್ಲ.

ಗ್ರೇಟ್ ಡೇನ್ ಗಾತ್ರಕ್ಕೆ ರಾಜ, ಗಂಡು ಕಮ್ಮಿ ಅಂದ್ರೂ 80 ಸೆಂಟಿಮೀಟರ್, ಮನಸ್ಸು ಮಗೂದು, ಆಯಸ್ಸು ಬಹಳ ಕಮ್ಮಿ. ಕೇನ್ ಕೊರ್ಸೊ ಈಗ ಫ್ಯಾಷನ್ ಆಗಿದೆ, ಇಟಲಿ ಕಡೆ ಹಳ್ಳಿಗಳಲ್ಲಿ ಅಳಿದೇ ಹೋಗ್ತಿದ್ದ ತಳಿನ 1970ರ ದಶಕದಿಂದ ಕೆಲವರು ಹಟ ಹಿಡಿದು ಉಳಿಸಿದ್ದು, ನಾಯಿ ಒಳ್ಳೇದೇ, ಆದ್ರೆ ಫ್ಯಾಷನ್ ಆದ ತಳಿಲಿ ಮರಿ ಕೊಳ್ಳೋದು ನನಗಿಷ್ಟ ಇಲ್ಲ, ಬೇಡಿಕೆ ಜಾಸ್ತಿ ಆದಾಗ ಯಾರ್ಯಾರೋ ಬ್ರೀಡರ್ ಆಗ್ತಾರೆ.

ನನ್ನ ಮನಸ್ಸು ಹೋಗಿ ನಿಂತಿದ್ದು ಬುಲ್‌ಮ್ಯಾಸ್ಟಿಫ್ ಮೇಲೆ. ಅದರ ಇತಿಹಾಸ ಕೇಳಿ, ನಮಗೆ ಬೇಕಿರೋ ಕೆಲಸನೇ ಅದರದ್ದು. ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಲ್ಲಿ ದೊಡ್ಡ ಜಮೀನ್ದಾರರ ಕಾಡುಗಳಿಗೆ ರಾತ್ರಿ ಕಳ್ಳಬೇಟೆಗೆ ಬರೋರ ಕಾಟ, ಕಾವಲುಗಾರರಿಗೆ ಒಂದು ನಾಯಿ ಬೇಕಿತ್ತು. ಮ್ಯಾಸ್ಟಿಫ್ ನಿಧಾನ ಆಯ್ತು, ಆಗಿನ ಕಾಲದ ಬುಲ್‌ಡಾಗ್ ಬಹಳ ಕ್ರೂರ ಆಯ್ತು, ಎರಡನ್ನೂ ಬೆರೆಸಿದ್ರು, ಮ್ಯಾಸ್ಟಿಫ್ 60 ಪಾಲು ಬುಲ್‌ಡಾಗ್ 40 ಪಾಲು ಅನ್ನೋ ಲೆಕ್ಕ ಹೇಳ್ತಾರೆ. ಆ ನಾಯಿಯಿಂದ ಅವರು ಬಯಸಿದ್ದೇನು ನೋಡಿ, ಕತ್ತಲಲ್ಲಿ ಸದ್ದಿಲ್ಲದೆ ಹೋಗಿ, ಮನುಷ್ಯನ್ನ ಕೆಡವಿ, ಮೇಲೆ ಒತ್ತಿ ಹಿಡ್ಕೊಂಡು, ಕಾವಲುಗಾರ ಬರೋವರೆಗೂ ಬಿಡಬಾರದು. ಸಿಗಿದು ಹಾಕಬಾರದು, ಹಿಡೀಬೇಕು. 1924ರಲ್ಲಿ ಅಲ್ಲಿನ ಕೆನಲ್ ಕ್ಲಬ್ ಇದನ್ನ ತಳಿ ಅಂತ ಒಪ್ಕೊಂಡಿತು. ಗಂಡು 50ರಿಂದ 59 ಕೆಜಿ, ಹೆಣ್ಣು 41ರಿಂದ 50. ಸುಮ್ಮಸುಮ್ಮನೆ ಬೊಗಳಲ್ಲ, ಮನೆಯೊಳಗೆ ಬಿದ್ದಿರುತ್ತೆ, ಮೈಲಿಗಟ್ಟಲೆ ಓಡಿಸ್ಬೇಕಿಲ್ಲ, ಆದ್ರೆ ಗೇಟ್ ಸದ್ದಾದ್ರೆ ಎದ್ದು ಹೋಗಿ ಸುಮ್ನೆ ನಿಂತ್ಕೊಳುತ್ತೆ, ಆ ತಲೆ ನೋಡಿದೋರು ಮುಂದೆ ಹೆಜ್ಜೆ ಇಡಲ್ಲ. ಸಮಸ್ಯೆ ಇಲ್ವಾ ಅಂದ್ರೆ ಇದೆ, ಜೊಲ್ಲು, ಗೊರಕೆ, ಕ್ಯಾನ್ಸರ್ ಹೆಚ್ಚು, ಹತ್ತು ವರ್ಷ ಬದುಕಿದ್ರೆ ಪುಣ್ಯ, ಮೂತಿ ಗಿಡ್ಡ ಆಗಿರೋದ್ರಿಂದ ಸೆಕೆ ತಡೆಯಲ್ಲ. ನಾಯಿಗೆ ನಮ್ಮ ಹಂಗೆ ಮೈಯೆಲ್ಲ ಬೆವರಲ್ಲ, ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೊಬೇಕು, ಮೂತಿ ಗಿಡ್ಡ ಆದಷ್ಟೂ ಅದು ಕಷ್ಟ. ಮಧ್ಯಾಹ್ನದ ಬಿಸಿಲಲ್ಲಿ ಹೊರಗೆ ಕಟ್ಟೋ ಪ್ಲಾನ್ ಇರೋರು ಈ ನಾಯಿ ಕಡೆ ತಿರುಗಿನೂ ನೋಡ್ಬೇಡಿ.

ಇನ್ನೊಂದು ಲೆಕ್ಕ ಯಾರೂ ಹಾಕಲ್ಲ, ಬೆಲ್ಟ್ ಹಿಡಿಯೋರ ತೂಕ. ನಾಯಿ ತರೋ ಉತ್ಸಾಹ ತಮ್ಮಂದು, ಆದ್ರೆ ಹಗಲೆಲ್ಲ ಅದರ ಜೊತೆ ಇರೋದು ಅಮ್ಮ ಮತ್ತೆ ನನ್ನ ಹೆಂಡತಿ. 55 ಕೆಜಿ ನಾಯಿ ಬೆಕ್ಕು ಕಂಡು ಜಿಗಿದ್ರೆ 55 ಕೆಜಿ ಮನುಷ್ಯರು ಎಲ್ಲಿ ಹೋಗಿ ಬೀಳ್ತಾರೆ ಯೋಚ್ನೆ ಮಾಡಿ. ಅದಕ್ಕೇ ನಾವು ಹೆಣ್ಣು ಮರಿನೇ ಅಂತ ತೀರ್ಮಾನ ಮಾಡಿದ್ದು. ಹೆಣ್ಣು ಕಾವಲಿಗೆ ಆಗಲ್ಲ ಅನ್ನೋದು ಬರೀ ಬಾಯಿಮಾತು. ತೂಕ ಸ್ವಲ್ಪ ಕಮ್ಮಿ, ಹಟ ಸ್ವಲ್ಪ ಕಮ್ಮಿ, ಗೇಟ್ ಹೊರಗಡೆ ನಿಂತೋನಿಗೆ ಗಂಡೋ ಹೆಣ್ಣೋ ಏನು ಗೊತ್ತಾಗುತ್ತೆ?

ಆರೋಗ್ಯದ ವಿಷಯದಲ್ಲಿ ಒಂದನ್ನ ಮಾತ್ರ ಬಿಡಿಸಿ ಹೇಳ್ತೀನಿ, ಯಾಕಂದ್ರೆ ದೊಡ್ಡ ನಾಯಿ ಸಾಕಿರೋರಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಬ್ಲೋಟ್ ಅಂತಾರೆ, ಡಾಕ್ಟರ ಭಾಷೇಲಿ ಜಿಡಿವಿ. ಎದೆ ಆಳವಾಗಿರೋ ದೊಡ್ಡ ತಳಿಗಳಲ್ಲಿ, ಗ್ರೇಟ್ ಡೇನಲ್ಲಂತೂ ಎಲ್ಲಕ್ಕಿಂತ ಹೆಚ್ಚು, ಹೊಟ್ಟೆಯೊಳಗೆ ಗ್ಯಾಸ್ ತುಂಬಿ ಜಠರ ಒದ್ದೆ ಬಟ್ಟೆ ಹಿಂಡಿದ ಹಂಗೆ ತಿರುಚ್ಕೊಂಡು ಬಿಡುತ್ತೆ, ರಕ್ತ ಓಡಾಟ ನಿಲ್ಲುತ್ತೆ, ಕೆಲವೇ ಗಂಟೆಗಳಲ್ಲಿ ನಾಯಿ ಸಾಯುತ್ತೆ. ನೋಡ್ಬೇಕಾದ ಲಕ್ಷಣ, ವಾಂತಿ ಮಾಡೋಕೆ ಮತ್ತೆ ಮತ್ತೆ ಪ್ರಯತ್ನ ಪಡುತ್ತೆ ಆದ್ರೆ ಏನೂ ಬರಲ್ಲ, ಜೊಲ್ಲು ಸುರಿಯುತ್ತೆ, ಕೂರೋಕೂ ಆಗದೆ ಮಲಗೋಕೂ ಆಗದೆ ಒದ್ದಾಡುತ್ತೆ, ಹೊಟ್ಟೆ ಉಬ್ಬಿ ಬಡಿದ್ರೆ ಡಮರು ಥರ ಸದ್ದು. ಬೆಳಗ್ಗೆ ನೋಡೋಣ ಅನ್ನೋ ಹಂಗೇ ಇಲ್ಲ, ಆಗಲೇ ಆಪರೇಷನ್ ಆಗ್ಬೇಕು. ಅದಕ್ಕೇ ದೊಡ್ಡ ನಾಯಿ ತರೋ ಮೊದಲು ರಾತ್ರಿ ಹೊತ್ತು ಆಪರೇಷನ್ ಮಾಡೋ ವೆಟ್ ಎಲ್ಲಿದಾರೆ ಅಂತ ಹುಡುಕಿ ಇಟ್ಕೊಳಿ, ಇದು ತಳಿ ಆರಿಸೋದಕ್ಕಿಂತ ಮೊದಲ ಕೆಲಸ. ದಿನದ ಊಟ ಒಂದೇ ಸಲ ಸುರಿಯದೆ ಎರಡು ಮೂರು ಸಲ ಹಾಕಿ, ಗಬಗಬ ತಿನ್ನೋ ನಾಯಿನ ನಿಧಾನ ಮಾಡಿಸಿ. ಬಟ್ಟಲು ಎತ್ತರದ ಸ್ಟ್ಯಾಂಡ್ ಮೇಲಿಟ್ರೆ ಒಳ್ಳೇದು ಅಂತ ಹೇಳ್ತಾರಲ್ಲ, ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿ ಅಧ್ಯಯನದಲ್ಲಿ ಉಲ್ಟಾ ಬಂತು, ಎತ್ತರದ ಬಟ್ಟಲಲ್ಲಿ ತಿನ್ನೋವಕ್ಕೇ ಬ್ಲೋಟ್ ಜಾಸ್ತಿ ಆಗಿತ್ತು. ಜಠರನ ಪಕ್ಕದ ಗೋಡೆಗೆ ಹೊಲಿದು ತಿರುಚದ ಹಂಗೆ ಮಾಡೋ ಗ್ಯಾಸ್ಟ್ರೋಪೆಕ್ಸಿ ಅನ್ನೋ ಆಪರೇಷನ್ನೂ ಇದೆ, ಹೆಣ್ಣಿಗೆ ಸ್ಪೇ, ಅಂದ್ರೆ ಮರಿ ಆಗದ ಹಂಗೆ ಆಪರೇಷನ್, ಮಾಡಿಸೋವಾಗಲೇ ಜೊತೆಗೆ ಮಾಡಿಸಬಹುದು. ಆದ್ರೆ ಸ್ಪೇ ಬೇಗ ಮಾಡಿಸ್ಬೇಡಿ, ಜರ್ಮನ್ ಶೆಫರ್ಡ್‌ಗಳ ಮೇಲೆ 2016ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯವರು ನೋಡಿದಾಗ ಒಂದು ವರ್ಷಕ್ಕೆ ಮೊದಲೇ ಮಾಡಿಸಿದ್ರೆ ಕೀಲಿನ ತೊಂದರೆ ಗಣನೀಯವಾಗಿ ಜಾಸ್ತಿ ಅಂತ ಬಂತು. ಯಾವಾಗ ಅಂತ ನಿಮ್ಮ ವೆಟ್ ಹತ್ರ ಕೂತು ಮಾತಾಡಿ.

ಮರಿ ದಪ್ಪ ದಪ್ಪ ಆದ್ರೆ ಎಲ್ಲರಿಗೂ ಖುಷಿ, ಕೀಲುಗಳಿಗೆ ಮಾತ್ರ ಅಲ್ಲ. ದೊಡ್ಡ ತಳಿ ಮರಿಗಳಿಗೆ ಅಂತಲೇ ಇರೋ ಪಪ್ಪಿ ಫುಡ್ ಹಾಕಿ, ಮೇಲೆ ಕ್ಯಾಲ್ಸಿಯಂ ಟಾನಿಕ್ ಸುರಿಬೇಡಿ. ಎಳೆ ಮರಿ ದೇಹಕ್ಕೆ ಜಾಸ್ತಿಯಾದ ಕ್ಯಾಲ್ಸಿಯಂ ತಡೆಯೋ ಶಕ್ತಿ ಇರಲ್ಲ, ಒಳಗೆ ಹೋದದ್ದು ಹೋಗಿ ಮೂಳೆ ಬೆಳವಣಿಗೆನೇ ಸೊಟ್ಟ ಆಗುತ್ತೆ. ಲ್ಯಾಬ್ರಡಾರ್‌ಗಳ ಮೇಲೆ ಮಾಡಿದ ಒಂದು ಹಳೇ ಅಧ್ಯಯನದಲ್ಲಿ, 2002ರಲ್ಲಿ ಬಂದಿದ್ದು, ಜೀವನಪೂರ್ತಿ ಕಾಲು ಭಾಗ ಕಮ್ಮಿ ತಿಂದ ನಾಯಿಗಳು ಹೆಚ್ಚುಕಮ್ಮಿ ಎರಡು ವರ್ಷ ಜಾಸ್ತಿ ಬದುಕಿದ್ವು. ಪಕ್ಕೆಲುಬು ಕೈಗೆ ಸಿಗ್ಬೇಕು, ಅಷ್ಟಿದ್ರೆ ಸಾಕು.

ಈಗ ಅಮ್ಮ ನಾಯಿ ವಿಷಯ. ಮರಿ ನೋಡೋಕೆ ಹೋದಾಗ ಮರಿ ನೋಡ್ಬೇಡಿ, ಮೊದಲು ಅದರ ಅಮ್ಮನ್ನ ನೋಡಿ. ನೀವು ಒಳಗೆ ಹೋದಾಗ ಅದು ಏನು ಮಾಡುತ್ತೆ, ಬೊಗಳಿ ಆಮೇಲೆ ಸಮಾಧಾನ ಆಗುತ್ತಾ, ಮೂಲೆ ಸೇರಿ ಗುರ್ ಅನ್ನುತ್ತಾ. ಅಮ್ಮನ್ನ ತೋರ್ಸಲ್ಲ ಅಂದ್ರೆ, ಬೇರೆ ಕಡೆ ಇದೆ ಅಂದ್ರೆ, ವಾಪಸ್ ಬನ್ನಿ. ಎಂಟು ವಾರಕ್ಕಿಂತ ಮೊದಲು ಮರಿ ಕೊಡ್ತೀನಿ ಅಂದ್ರೂ ವಾಪಸ್ ಬನ್ನಿ. ಅಪ್ಪ-ಅಮ್ಮ ಇಬ್ಬರದ್ದೂ ಸೊಂಟದ ಕೀಲಿನ (ಹಿಪ್) ಎಕ್ಸ್‌ರೇ ಕೇಳಿ, ಅದೂ ಎರಡು ವರ್ಷ ತುಂಬಿದ ಮೇಲೆ ತೆಗೆಸಿದ್ದು. "ವೆಟ್ ನೋಡಿದಾರೆ, ಚೆನ್ನಾಗಿದೆ" ಅನ್ನೋದು ಎಕ್ಸ್‌ರೇ ಅಲ್ಲ.

ಮನೆಗೆ ಬಂದ ಮರಿನ ಯಾರಿಗೂ ತೋರಿಸ್ಬೇಡಿ, ಎಲ್ಲರ ಹತ್ರ ಸಲಿಗೆ ಆದ್ರೆ ಕಾವಲು ಕಾಯಲ್ಲ ಅಂತ ಹೇಳೋರು ಸುತ್ತಮುತ್ತ ಇದ್ದೇ ಇರ್ತಾರೆ. ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಸುಮಾರು ಮೂರರಿಂದ ಹದಿನಾಲ್ಕು ವಾರದವರೆಗೆ ಮರಿ ಏನೇನು ನೋಡುತ್ತೋ ಅದೇ ಅದಕ್ಕೆ ಸಾಮಾನ್ಯ ಪ್ರಪಂಚ. ಟೋಪಿ ಹಾಕಿದೋರು, ಕೋಲು ಹಿಡಿದೋರು, ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಅಳೋ ಮಗು, ಗಾಲಿಕುರ್ಚಿ, ಛತ್ರಿ ಎಲ್ಲಾ ಆಗಲೇ ನೋಡಿರ್ಬೇಕು. ಲಸಿಕೆ ಮುಗಿಯೋ ಮೊದಲು ನೆಲಕ್ಕೆ ಬಿಡದೆ ಎತ್ಕೊಂಡೇ ತೋರಿಸಿ. ಮಾಮೂಲಿ ಏನು ಅಂತ ಗೊತ್ತಿರೋ ನಾಯಿಗೆ ತಾನೇ ಮಾಮೂಲಿ ಅಲ್ಲದ್ದು ಯಾವುದು ಅಂತ ಗೊತ್ತಾಗೋದು, ನಡುರಾತ್ರಿ ಗೋಡೆ ಹತ್ತೋನು ಡೆಲಿವರಿ ಹುಡುಗನ ಹಂಗೆ ನಡ್ಕೊಳಲ್ಲ. ಕಾಯೋ ಬುದ್ಧಿ ನೀವು ಕಲಿಸ್ಬೇಕಿಲ್ಲ, ಈ ತಳಿಗಳಲ್ಲಿ ಒಂದೂವರೆ ಎರಡು ವರ್ಷಕ್ಕೆ ತಾನಾಗೇ ಬರುತ್ತೆ. ಅಲ್ಲಿಯವರೆಗೂ "ಇದೇನು ಎಲ್ಲರಿಗೂ ಬಾಲ ಆಡಿಸುತ್ತೆ" ಅಂತ ಬೇಜಾರು ಮಾಡ್ಕೊಂಡು ನಾಯಿನ ರೇಗಿಸಿ ರೇಗಿಸಿ ಸಿಟ್ಟು ಕಲಿಸೋಕೆ ಹೋಗ್ಬೇಡಿ, ಮನೆಗೆ ಬಂದು ಗೋಣಿಚೀಲ ಕಚ್ಚಿಸಿ "ಅಟ್ಯಾಕ್ ಟ್ರೈನಿಂಗ್" ಕೊಡ್ತೀನಿ ಅನ್ನೋರನ್ನಂತೂ ಗೇಟಲ್ಲೇ ತಡೀರಿ. ಜರ್ಮನ್ನರು ನೂರು ವರ್ಷದಿಂದ ಮಾಡ್ಕೊಂಡು ಬಂದ ಶುಟ್ಸ್‌ಹುಂಡ್ ಅನ್ನೋ ಪರೀಕ್ಷೇಲಿ ಕಚ್ಚೋದು ಮೂರರಲ್ಲಿ ಒಂದು ಭಾಗ, ಉಳಿದೆರಡು ಮೂಸಿ ಜಾಡು ಹಿಡಿಯೋದು ಮತ್ತೆ ಹೇಳಿದ ಮಾತು ಕೇಳೋದು, ಕಚ್ಚೋ ಭಾಗದಲ್ಲೂ ಬಿಡು ಅಂದ ತಕ್ಷಣ ಬಿಡದ ನಾಯಿ ಫೇಲು. ನಮ್ಮ ಗೋಣಿಚೀಲದ ಟ್ರೈನರ್‌ಗೆ "ಬಿಡು" ಕಲಿಸೋಕೆ ಟೈಮೇ ಇರಲ್ಲ.

ಕಾನೂನನ್ನೂ ಒಂದು ಸಲ ನೋಡ್ಕೊಳಿ, ನೀವಿರೋ ಕಡೆ ಯಾವ ತಳಿಗೆ ತಡೆ ಇದೆ ಅಂತ. ಬ್ರಿಟನ್‌ನಲ್ಲಿ 1991ರ ಕಾಯ್ದೆ ಪ್ರಕಾರ ಪಿಟ್‌ಬುಲ್, ಜಪಾನಿನ ತೋಸಾ, ಡೋಗೋ ಅರ್ಜೆಂಟಿನೋ, ಫೀಲಾ ಬ್ರೆಸಿಲೇರೋ ಇವು ನಾಲ್ಕೂ ಸಾಕೋ ಹಂಗಿಲ್ಲ, ಆಮೇಲೆ ಎಕ್ಸ್ಎಲ್ ಬುಲ್ಲಿನೂ ಸೇರ್ಸಿದ್ರು. ಬೇರೆ ಬೇರೆ ಕಡೆ ಬೇರೆ ಬೇರೆ ಪಟ್ಟಿ. ಯಾವ ಪಟ್ಟೀಲಿ ಇಲ್ದಿದ್ರೂ ಅಷ್ಟೇ, ನಿಮ್ಮ ನಾಯಿ ಕಚ್ಚಿದ್ರೆ ಜವಾಬ್ದಾರಿ ನಿಮ್ದೇ, ಗೇಟಿಗೆ "ನಾಯಿ ಇದೆ ಎಚ್ಚರಿಕೆ" ಬೋರ್ಡ್ ನೇತು ಹಾಕಿದ ಮಾತ್ರಕ್ಕೆ ಕೈ ತೊಳ್ಕೊಳೋಕಾಗಲ್ಲ. ಬೋರ್ಡಂತೂ ಹಾಕಿ, ಕೆಲವು ಸಲ ನಾಯಿಗಿಂತ ಅದೇ ಚೆನ್ನಾಗಿ ಕೆಲಸ ಮಾಡುತ್ತೆ.

ಮರಿ ಸಾಕೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಇನ್ನೊಂದು ದಾರಿ, ದೊಡ್ಡದಾದ ನಾಯಿನೇ ತಗೊಳ್ಳೋದು. ಮನೆ ಬದಲಾಯಿಸೋರು, ಕೆಲಸಕ್ಕೆ ದೂರ ಹೋಗೋರು ಎರಡು ಮೂರು ವರ್ಷದ ನಾಯಿ ಕೊಡೋಕೆ ನೋಡ್ತಿರ್ತಾರೆ, ಅದರ ಸ್ವಭಾವ ಏನು ಅಂತ ಊಹೆ ಮಾಡೋದೇ ಬೇಡ, ಎದುರಿಗೇ ಇರುತ್ತೆ. ಒಂದೆರಡು ದಿನ ಬೇರೆ ಬೇರೆ ಹೊತ್ತಲ್ಲಿ ಹೋಗಿ ನೋಡಿ, ಮನೆಯ ಎಲ್ಲರನ್ನೂ ಕರ್ಕೊಂಡು ಹೋಗಿ. ನಾವೂ ಇದನ್ನ ಯೋಚ್ನೆ ಮಾಡಿದ್ವಿ, ಮಗಳು ಮರಿನೇ ಬೇಕು ಅಂತ ಹಟ ಹಿಡಿದಳು, ಅಲ್ಲಿಗೆ ಆ ಚರ್ಚೆ ಮುಗೀತು.

ಸದ್ಯ ನಮ್ದು ಎಲ್ಲಿಗೆ ಬಂದಿದೆ ಅಂದ್ರೆ, ಒಬ್ಬ ಬ್ರೀಡರ್ ಹತ್ರ ಬುಲ್‌ಮ್ಯಾಸ್ಟಿಫ್ ಹೆಣ್ಣಿಗೆ ಹೆಸರು ಬರೆಸಿದೀವಿ, ಅಮ್ಮ ನಾಯಿನ ನೋಡಿ ಆಗಿದೆ, ಅಪ್ಪ ನಾಯಿಯ ಎಕ್ಸ್‌ರೇ ಇನ್ನೂ ಕಳಿಸಿಲ್ಲ, ಅದು ಬರೋವರೆಗೂ ಅಡ್ವಾನ್ಸ್ ಕೊಡಲ್ಲ ಅಂತ ಹೇಳಿದೀನಿ. ಅಷ್ಟರಲ್ಲಿ ಗೇಟಿಂದ ಬಾಗಿಲಿನವರೆಗೆ ಒಂದು ಒಳಗೇಟ್ ಹಾಕಿಸ್ತಿದೀವಿ, ಕೊರಿಯರ್‌ನವರು ನಾಯಿ ಕೈಗೆ ಸಿಗದೆ ಬೆಲ್ ಒತ್ತಿ ಪಾರ್ಸೆಲ್ ಇಟ್ಟು ಹೋಗೋ ಹಂಗೆ. ತಮ್ಮ ಒಪ್ಪಿದಾನೆ, ಅಂದ್ರೆ ಪೂರ್ತಿ ಒಪ್ಪಿಲ್ಲ, ನಿನ್ನೆ ಮತ್ತೆ ಒಂದು ಕಾಂಗಾಲ್ ವಿಡಿಯೋ ಬಂತು. ನಿಮ್ಮಲ್ಲಿ ಯಾರಾದ್ರೂ ಬುಲ್‌ಮ್ಯಾಸ್ಟಿಫ್ ಸಾಕಿದ್ರೆ ಜೊಲ್ಲಿಗೆ ಏನು ಮಾಡ್ತೀರ ಅಂತ ಹೇಳಿ, ಮನೇಲಿ ಈಗ ನಡೀತಿರೋ ಜಗಳ ಅದೊಂದೇ.